ಸ್ವಿಚ್ ಒಬ್ಬರ ಕೈಯಲ್ಲಿ, ಬಿಲ್ ಇನ್ನೊಬ್ಬರ ಹೆಸರಲ್ಲಿ: ಹೊಗೆ ಇಳಿಯದಿರುವುದು ಯಾಕೆ?

ಒಂದು ದೊಡ್ಡ ಕಟ್ಟಡದಲ್ಲಿ ಜಾಸ್ತಿ ಕರೆಂಟು ಎಳೆಯುವುದು ಯಾವುದು ಅಂತ ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ ನೋಡಿ. ಬಹಳ ಜನ ಲೈಟು ಅಂತಾರೆ, ಕೆಲವರು ಕಂಪ್ಯೂಟರ್ ಅಂತಾರೆ. ಗಾಳಿ ತಳ್ಳುವ ಫ್ಯಾನು, ನೀರು ನೂಕುವ ಪಂಪು, ತಣ್ಣೀರು ಮಾಡುವ ಚಿಲ್ಲರ್, ಇವುಗಳ ಹೆಸರು ಹೇಳುವವರು ಕಡಿಮೆ. ಅವು ಕಣ್ಣಿಗೇ ಬೀಳುವುದಿಲ್ಲ. ನೆಲಮಾಳಿಗೆಯಲ್ಲೋ ತಾರಸಿ ಮೇಲೋ ಬೀಗ ಹಾಕಿದ ಕೋಣೆಯಲ್ಲಿ ತಮ್ಮ ಪಾಡಿಗೆ ತಾವು ಓಡುತ್ತಿರುತ್ತವೆ. ಲೈಟ್ ಸ್ವಿಚ್ಚಿನ ಪಕ್ಕ 'ದಯವಿಟ್ಟು ಆರಿಸಿ' ಅನ್ನೋ ಚೀಟಿ ಅಂಟಿಸಿರುತ್ತಾರೆ. ಯಾರೂ ಇಲ್ಲದ ಮಹಡಿಗೆ ರಾತ್ರಿಯಿಡೀ ಗಾಳಿ ತಳ್ಳುವ ಫ್ಯಾನಿಗೆ ಯಾವ ಚೀಟಿಯೂ ಇಲ್ಲ.

ಹವಾಮಾನದ ಮಾತು ಬಂದಾಗಲೆಲ್ಲ 'ಜನರ ಮನಸ್ಸು ಬದಲಾಗಬೇಕು' ಅಂತ ಶುರು ಮಾಡುತ್ತೇವೆ. ಮನಸ್ಸು ಎಷ್ಟೋ ಕಡೆ ಬದಲಾಗಿದೆ, ಹೊಗೆ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ, ಮಾತ್ರ ಇಳಿದಿಲ್ಲ. ನನಗೆ ಕಾಣುವ ಕಾರಣ ಬೇರೆ. ಬಹುತೇಕ ಸಂಸ್ಥೆಗಳಲ್ಲಿ ಸ್ವಿಚ್ ಒಬ್ಬರ ಕೈಯಲ್ಲಿರುತ್ತದೆ, ಬಿಲ್ ಇನ್ನೊಬ್ಬರು ಕಟ್ಟುತ್ತಾರೆ, ಯಂತ್ರ ಬದಲಿಸುವ ಅಧಿಕಾರ ಮೂರನೆಯವರದ್ದು. ಈ ಮೂವರು ಒಂದೇ ಮೇಜಿನ ಸುತ್ತ ಕೂತ ಕಡೆ ಹೊರಸೂಸುವಿಕೆ ಇಳಿದಿದೆ. ಕೂರದ ಕಡೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿದ್ದಾರೆ.

ಮೊದಲು ಲೆಕ್ಕ

ಕೈಗಾರಿಕೆಗಳು ಬರುವ ಮುಂಚೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗ ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಅಳತೆ ಶುರು ಮಾಡಿದಾಗ 315ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಇದು ಇಡೀ ಭೂಮಿಯ ಮೀಟರು. ಅದನ್ನು ದಿನಾ ಓದುವವರಿದ್ದಾರೆ. ನಿಮ್ಮ ಕಟ್ಟಡದ ಮೀಟರ್ ಯಾರು ಓದುತ್ತಾರೆ?

ಲೆಕ್ಕ ಹಾಕುವುದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೊಕಾಲ್. 2001ರಲ್ಲಿ ಬಂದದ್ದು. ಅದು ಹೊರಸೂಸುವಿಕೆಯನ್ನು ಮೂರು ಪಾಲು ಮಾಡುತ್ತದೆ. ನಿಮ್ಮ ಆವರಣದಲ್ಲೇ ಸುಟ್ಟದ್ದು, ಸೋರಿದ್ದು ಸ್ಕೋಪ್ 1. ಅಂದರೆ ಬಾಯ್ಲರ್, ಜನರೇಟರ್, ಸ್ವಂತ ವಾಹನ, ಎಸಿಯಿಂದ ಹೊರಬೀಳುವ ಅನಿಲ. ಹೊರಗಿನಿಂದ ಕೊಂಡ ಕರೆಂಟಿನ ಹಿಂದಿರುವ ಹೊಗೆ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ಕೊಂಡ ಸಾಮಾನು, ಸಾಗಣೆ, ನೌಕರರ ಓಡಾಟ, ವಿಮಾನದ ಟಿಕೆಟ್ಟು, ಕಸ, ಮಾರಿದ ವಸ್ತುವನ್ನು ಗಿರಾಕಿ ಬಳಸುವಾಗ ಆಗುವುದು, ಹೀಗೆ ದೊಡ್ಡ ಪಟ್ಟಿ. ಬಹಳ ಕಂಪನಿಗಳಲ್ಲಿ ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ವರದಿಯಲ್ಲಿ ಎಲ್ಲಕ್ಕಿಂತ ಮಸುಕಾಗಿ ಕಾಣುವುದೂ ಅದೇ.

ಮೊದಲ ಎರಡಕ್ಕೆ ದೊಡ್ಡ ಸಲಹೆಗಾರರು ಬೇಕಿಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಕಲ್ಲಿದ್ದಲಿನಿಂದ ಬಂದ ಕರೆಂಟಾದರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ. ಗ್ರಿಡ್ಡಿನಲ್ಲಿ ಗಾಳಿ, ಬಿಸಿಲು, ಜಲವಿದ್ಯುತ್ತಿನ ಪಾಲು ಜಾಸ್ತಿ ಇದ್ದಷ್ಟೂ ಇದು ಇಳಿಯುತ್ತದೆ. ಒಂದು ವರ್ಷದ ಬಿಲ್ಲುಗಳ ಕಟ್ಟು ಎದುರಿಗಿಟ್ಟುಕೊಂಡು ಕೂತರೆ ಒರಟು ಲೆಕ್ಕ ಕೈಗೆ ಬರುತ್ತದೆ. ಇಷ್ಟನ್ನೂ ಮಾಡದೆ '2050ಕ್ಕೆ ನೆಟ್ ಝೀರೋ', ಅಂದರೆ ಬಿಟ್ಟಷ್ಟನ್ನೇ ವಾಪಸ್ ತೆಗೆದು ಲೆಕ್ಕ ಸೊನ್ನೆ ಮಾಡುತ್ತೇವೆ, ಅಂತ ಬೋರ್ಡು ಹಾಕಿದ ಸಂಸ್ಥೆಗಳು ಬೇಕಾದಷ್ಟಿವೆ.

ಲೆಕ್ಕಕ್ಕೆ ಕೂತಾಗ ಕೆಲವು ಕಡೆ ಗಾಬರಿಯಾಗುತ್ತದೆ. ಎಸಿಗಳಲ್ಲಿ ಬಹಳ ವರ್ಷದಿಂದ ಬಳಕೆಯಲ್ಲಿರುವ ಆರ್-410ಎ ಅನ್ನೋ ಅನಿಲವನ್ನೇ ತಗೊಳ್ಳಿ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,088 ಪಟ್ಟು ಬಿಸಿ ಹಿಡಿಯುತ್ತದೆ. ಒಂದೇ ಒಂದು ಕೆಜಿ ಸೋರಿದರೆ ಎರಡು ಟನ್‌ಗಿಂತ ಜಾಸ್ತಿ ಲೆಕ್ಕಕ್ಕೆ ಬಂತು. ಅಂದರೆ ಹತ್ತಿರ ಹತ್ತಿರ 770 ಲೀಟರ್ ಡೀಸೆಲ್ ಸುಟ್ಟಷ್ಟು. ಮೆಕ್ಯಾನಿಕ್ ಬರ್ತಾನೆ, 'ಗ್ಯಾಸ್ ಕಡಿಮೆಯಾಗಿದೆ ಸಾರ್' ಅಂತಾನೆ, ತುಂಬಿಸಿ ಹೋಗ್ತಾನೆ. ಮುಂದಿನ ವರ್ಷ ಮತ್ತೆ ಬರ್ತಾನೆ. ಅದೇನು ಪೆಟ್ರೋಲ್ ಹಾಗೆ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಎಷ್ಟು ಕೆಜಿ ತುಂಬಿಸಿದರು ಅನ್ನೋದನ್ನ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು, ಸೋರುವ ಯಂತ್ರ ತಾನಾಗಿ ಗೊತ್ತಾಗುತ್ತದೆ. ಇಂಥ ಅನಿಲಗಳನ್ನು ಹಂತಹಂತವಾಗಿ ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದವೇ ಆಗಿದೆ. ಆದರೆ ಈಗಾಗಲೇ ಗೋಡೆಗೆ ನೇತುಹಾಕಿರುವ ಯಂತ್ರಗಳನ್ನು ನೋಡಿಕೊಳ್ಳುವುದು ಅಲ್ಲಿಗೆ ಹೋಗಿ ಸಹಿ ಹಾಕಿ ಬಂದವರ ಕೆಲಸವಲ್ಲ.

ಆಸ್ಪತ್ರೆ ಇರುವ ಕ್ಯಾಂಪಸ್ಸಿನಲ್ಲಿ ಇದಕ್ಕಿಂತ ವಿಚಿತ್ರ. ಅರಿವಳಿಕೆಗೆ ಬಳಸುವ ಡೆಸ್‌ಫ್ಲೂರೇನ್ ಅನಿಲ ಕಾರ್ಬನ್ ಡೈಆಕ್ಸೈಡ್‌ಗಿಂತ 2,500 ಪಟ್ಟು ಬಿಸಿ ಹಿಡಿಯುವಂಥದ್ದು. ರೋಗಿ ಉಸಿರಾಡಿದ ಮೇಲೆ ಅದರ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಬದಲಿ ಔಷಧಗಳಿವೆ. ಹಾಗಾಗಿ ಸ್ಕಾಟ್ಲೆಂಡ್ 2023ರಲ್ಲಿ ಅದರ ಬಳಕೆ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟವೂ 2026ರಿಂದ, ವೈದ್ಯಕೀಯವಾಗಿ ಬೇರೆ ದಾರಿಯೇ ಇಲ್ಲದ ಸಂದರ್ಭ ಬಿಟ್ಟು, ನಿಷೇಧಿಸಿದೆ. ಅರಿವಳಿಕೆಗೇ ಬಳಸುವ, ಬಿಸಿ ಹಿಡಿಯುವ ಮತ್ತೊಂದು ಅನಿಲ ನೈಟ್ರಸ್ ಆಕ್ಸೈಡಿನ ಕಥೆ ಇನ್ನೊಂದು. ಆಸ್ಪತ್ರೆಗಳು ಕೊಂಡದ್ದಕ್ಕೂ ರೋಗಿಗೆ ಕೊಟ್ಟದ್ದಕ್ಕೂ ತಾಳೆ ಹಾಕಿ ನೋಡಿದಾಗ, ಎಷ್ಟೋ ಕಡೆ ದೊಡ್ಡ ಪಾಲು ಗೋಡೆಯೊಳಗಿನ ಪೈಪುಗಳಲ್ಲೇ ಸೋರಿ ಹೋಗುತ್ತಿತ್ತು. ಪೈಪು ಮುಚ್ಚಿ, ಬೇಕಾದಾಗ ಸಣ್ಣ ಸಿಲಿಂಡರ್ ಬಳಸಿದರೆ ಮುಗಿಯಿತು. ರೋಗಿಗೆ ಏನೂ ವ್ಯತ್ಯಾಸವಿಲ್ಲ. ಇಷ್ಟು ವರ್ಷ ಯಾಕೆ ಯಾರೂ ನೋಡಲಿಲ್ಲ ಅಂದರೆ, ಅನಿಲ ಕೊಳ್ಳುವುದು ಒಂದು ವಿಭಾಗ, ಬಳಸುವುದು ಇನ್ನೊಂದು, ಪೈಪು ನೋಡಿಕೊಳ್ಳುವುದು ಮತ್ತೊಂದು.

ಕ್ಯಾಂಪಸ್ಸಿಗೆ ಇರುವ ಅನುಕೂಲ

ಈ ವಿಷಯದಲ್ಲಿ ವಿಶ್ವವಿದ್ಯಾಲಯಗಳು ಅದೃಷ್ಟವಂತರು. ಜಾಗ ಅವರದ್ದೇ, ಕಟ್ಟಡ ಅವರದ್ದೇ, ಕೆಲವು ಕಡೆ ವಿದ್ಯುತ್ ಸ್ಥಾವರವೂ ಅವರದ್ದೇ. ಇನ್ನೂ ನೂರು ವರ್ಷ ಅಲ್ಲೇ ಇರುವವರು. ಮೂರು ವರ್ಷದಲ್ಲಿ ಹಣ ವಾಪಸ್ ಬರಬೇಕು ಅನ್ನೋ ಅವಸರ ಕಂಪನಿಗಿರುತ್ತದೆ, ಇವರಿಗೆ ಇರಬೇಕಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮಾಡಿದ ಕೆಲಸ ನೋಡಿ. ದೊಡ್ಡ ಕ್ಯಾಂಪಸ್ಸಿನಲ್ಲಿ ಒಂದೇ ಹೊತ್ತಿಗೆ ಕೆಲವು ಕಟ್ಟಡಗಳಿಗೆ ತಂಪು ಬೇಕು, ಕೆಲವಕ್ಕೆ ಬಿಸಿ ಬೇಕು. ಫ್ರಿಜ್ಜಿನ ಹಿಂಬದಿ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದಲ್ವಾ, ಹಾಗೇ ಕಟ್ಟಡ ತಂಪು ಮಾಡುವಾಗ ಒಳಗಿನ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಮುಂಚೆ ಅದನ್ನು ಕೂಲಿಂಗ್ ಟವರ್ ಮೂಲಕ ಆಕಾಶಕ್ಕೆ ಬಿಡುತ್ತಿದ್ದರು. ಪಕ್ಕದಲ್ಲೇ ಗ್ಯಾಸ್ ಸುಟ್ಟು ಹೊಸದಾಗಿ ಬಿಸಿ ಮಾಡುತ್ತಿದ್ದರು. ಲೆಕ್ಕ ಹಾಕಿ ನೋಡಿದಾಗ ಬಿಸಾಡುವ ಬಿಸಿಯೇ ಬೇಕಾದ ಬಿಸಿಯ ಬಹುಪಾಲನ್ನು ಪೂರೈಸುತ್ತದೆ ಅಂತ ಗೊತ್ತಾಯಿತು. 2015ರಲ್ಲಿ ಗ್ಯಾಸ್ ಸ್ಥಾವರ ಮುಚ್ಚಿದರು. ನೆಲ ಅಗೆದು ಮೈಲಿಗಟ್ಟಲೆ ಉಗಿ ಪೈಪು ಕಿತ್ತು ಬಿಸಿನೀರಿನ ಪೈಪು ಹಾಕಿದರು. ಬಿಸಿನೀರಿಗೂ ತಣ್ಣೀರಿಗೂ ದೈತ್ಯ ತೊಟ್ಟಿಗಳನ್ನು ಕಟ್ಟಿ, ಕರೆಂಟು ಅಗ್ಗವಾಗಿ ಸಿಗುವ ಹೊತ್ತಿನಲ್ಲಿ ತುಂಬಿಟ್ಟುಕೊಳ್ಳುವ ಏರ್ಪಾಟು ಮಾಡಿದರು. ಸೌರವಿದ್ಯುತ್ ಖರೀದಿಯೂ ಸೇರಿ ಹೊರಸೂಸುವಿಕೆ ಸುಮಾರು ಮೂರರಲ್ಲಿ ಎರಡು ಪಾಲು ಇಳಿಯುತ್ತದೆ ಅನ್ನುವುದು ವಿಶ್ವವಿದ್ಯಾಲಯದ ಲೆಕ್ಕ. ವಿದ್ಯಾರ್ಥಿಗಳಿಗೆ ಇದರಲ್ಲಿ ಕಂಡದ್ದು ಒಂದೇ: ಎಲ್ಲಿ ನೋಡಿದರೂ ಅಗೆದ ರಸ್ತೆ.

ಅವರ ಹತ್ತಿರ ದುಡ್ಡಿತ್ತು, ಮಾಡಿದರು ಅಂತ ನೀವು ಹೇಳಬಹುದು. ಅಮೆರಿಕದ ಇಂಡಿಯಾನಾದಲ್ಲಿ ಬಾಲ್ ಸ್ಟೇಟ್ ಅಂತ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇದೆ, ಅಷ್ಟೇನೂ ಹೆಸರು ಕೇಳಿದ್ದಲ್ಲ. ಕಲ್ಲಿದ್ದಲಿನ ಬಾಯ್ಲರುಗಳು ಹಳೆಯದಾಗಿದ್ದವು, ಬದಲಿಸಲೇಬೇಕಿತ್ತು. ಹೇಗೂ ಖರ್ಚು ಮಾಡಲೇಬೇಕು ಅಂದಮೇಲೆ ಮತ್ತೆ ಬಾಯ್ಲರೇ ಯಾಕೆ ಅಂದುಕೊಂಡು 2009ರಲ್ಲಿ ಕೊರೆಯಲು ಶುರು ಮಾಡಿದರು. ಸುಮಾರು 3,600 ಕೊಳವೆಬಾವಿಗಳು, ನೀರೆತ್ತುವುದಕ್ಕಲ್ಲ, ನೆಲದ ಸ್ಥಿರ ಉಷ್ಣತೆ ಬಳಸಿಕೊಳ್ಳುವುದಕ್ಕೆ. ಬೇಸಿಗೆಯಲ್ಲಿ ಕಟ್ಟಡದ ಬಿಸಿಯನ್ನು ಒಳಗೆ ಇಳಿಸಿ, ಚಳಿಗಾಲದಲ್ಲಿ ವಾಪಸ್ ಎತ್ತಿಕೊಳ್ಳುವುದು. 2014ರಲ್ಲಿ ಕಲ್ಲಿದ್ದಲು ಸುಡುವುದು ನಿಂತಿತು. ಇಲ್ಲಿ ಗಮನಿಸಬೇಕಾದ್ದು ಸಮಯ. ಬಾಯ್ಲರ್ ಸಾಯುವ ವರ್ಷವೇ ಬದಲಾವಣೆಯ ವರ್ಷ. ಅದು ಕೆಟ್ಟು ನಿಂತ ಮೇಲೆ ಯೋಚಿಸಿದರೆ ಅವಸರದಲ್ಲಿ ಅಂಥದ್ದೇ ಇನ್ನೊಂದು ತಂದು ಕೂರಿಸುತ್ತಾರೆ, ಮತ್ತೆ 25 ವರ್ಷ ಹೊಗೆ ಖಾತ್ರಿ. ಆದ್ದರಿಂದ ಯಾವ ಯಂತ್ರ ಯಾವ ವರ್ಷ ಮುಗಿಯುತ್ತದೆ ಅನ್ನುವ ಪಟ್ಟಿ, ಯಾವ ಹವಾಮಾನ ಘೋಷಣೆಗಿಂತಲೂ ಉಪಯೋಗದ ಕಾಗದ.

ಲ್ಯಾಬುಗಳ ವಿಷಯ ಬೇರೆಯೇ. ರಾಸಾಯನಿಕ ಪ್ರಯೋಗಾಲಯದಲ್ಲಿ ಫ್ಯೂಮ್ ಹುಡ್ ಅಂತ ಇರುತ್ತದೆ, ವಿಷದ ಹೊಗೆಯನ್ನು ಎಳೆದು ಹೊರಹಾಕುವ ಗಾಜಿನ ಗೂಡು. ಅದು ಎಳೆಯುವುದು ಬರೀ ಹೊಗೆಯನ್ನಲ್ಲ, ಕೋಣೆಯ ತಂಪಾದ ಅಥವಾ ಬೆಚ್ಚಗಿನ ಗಾಳಿಯನ್ನೂ ಎಳೆಯುತ್ತದೆ. ಹೊರಹೋದಷ್ಟು ಗಾಳಿಯನ್ನು ಮತ್ತೆ ಹದ ಮಾಡಿ ಒಳಗೆ ತರಬೇಕು. ಅಮೆರಿಕದ ಲೆಕ್ಕದಲ್ಲಿ ಇಂಥ ಒಂದು ಗೂಡು ಮೂರೂವರೆ ಮನೆಗಳಷ್ಟು ಶಕ್ತಿ ತಿನ್ನುತ್ತದೆ. ಗಾಳಿ ಎಳೆತ ಗಾಜಿನ ಬಾಗಿಲಿನ ಎತ್ತರಕ್ಕೆ ತಕ್ಕಂತೆ ಬದಲಾಗುವ ಮಾದರಿಯಾದರೆ, ಕೆಲಸವಿಲ್ಲದಾಗ ಬಾಗಿಲು ಕೆಳಗೆ ಎಳೆದರೇ ದೊಡ್ಡ ಉಳಿತಾಯ. ಹಳೆಯ ಮಾದರಿಯಲ್ಲಿ ಬಾಗಿಲು ಎಳೆದರೂ ಫ್ಯಾನು ಅಷ್ಟೇ ಗಾಳಿ ಎಳೆಯುತ್ತದೆ, ಪೋಸ್ಟರ್ ಅಂಟಿಸಿದ್ದು ಸುಮ್ನೆ. ಸಂಶೋಧನೆಯ ಸ್ಯಾಂಪಲ್ ಇಡುವ ಮೈನಸ್ 80 ಡಿಗ್ರಿಯ ಫ್ರೀಜರುಗಳೂ ಹೀಗೇ. ಬಹಳಷ್ಟು ಸ್ಯಾಂಪಲ್ಲುಗಳನ್ನು ಮೈನಸ್ 70ರಲ್ಲಿ ಇಟ್ಟರೂ ಏನೂ ಆಗುವುದಿಲ್ಲ, ಕರೆಂಟು ಸುಮಾರು ಶೇ 30ರಷ್ಟು ಉಳಿಯುತ್ತದೆ. ಗುಂಡಿ ಒತ್ತಿ ಹತ್ತು ಡಿಗ್ರಿ ಏರಿಸಬೇಕು, ಅಷ್ಟೇ. ಆದರೆ ಪ್ರೊಫೆಸರಿಗೆ ತಮ್ಮ ಸ್ಯಾಂಪಲ್ಲುಗಳ ಚಿಂತೆ. ಕರೆಂಟ್ ಬಿಲ್ ಅವರ ಕಣ್ಣಿಗೆ ಬಿದ್ದೇ ಇಲ್ಲ.

ಈ ಬಿಲ್ ಕಾಣದ ಕಾಯಿಲೆಗೆ ಯೇಲ್ ವಿಶ್ವವಿದ್ಯಾಲಯ ಕೊಟ್ಟ ಮದ್ದು ನನಗೆ ಬಹಳ ಇಷ್ಟ. ಮೊದಲು 20 ಕಟ್ಟಡಗಳಲ್ಲಿ ಪ್ರಯೋಗ ಮಾಡಿದರು, 2017ರಲ್ಲಿ 250ಕ್ಕೂ ಹೆಚ್ಚು ಕಟ್ಟಡಗಳಿಗೆ ವಿಸ್ತರಿಸಿದರು. ಕಟ್ಟಡ ಬಿಟ್ಟ ಪ್ರತಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಆಗ 40 ಡಾಲರ್ ಶುಲ್ಕ. ಆದರೆ ವಿಶ್ವವಿದ್ಯಾಲಯ ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳಲಿಲ್ಲ. ಇಡೀ ಕ್ಯಾಂಪಸ್ ಸರಾಸರಿ ಎಷ್ಟು ಇಳಿಸಿತೋ ಅದಕ್ಕಿಂತ ಕಡಿಮೆ ಇಳಿಸಿದ ಕಟ್ಟಡ ಹಣ ಕೊಡಬೇಕಿತ್ತು, ಜಾಸ್ತಿ ಇಳಿಸಿದ ಕಟ್ಟಡಕ್ಕೆ ಅದು ಸೇರುತ್ತಿತ್ತು. ಮೊತ್ತ ದೊಡ್ಡದೇನಿರಲಿಲ್ಲ. ಆದರೆ ಪ್ರತಿ ವಿಭಾಗಕ್ಕೂ ತಿಂಗಳಿಗೊಂದು ವರದಿ ಬರುತ್ತಿತ್ತು, ಪಕ್ಕದ ವಿಭಾಗಕ್ಕೆ ದುಡ್ಡು ಹೋಯಿತು ಅಂತ ಗೊತ್ತಾಗುತ್ತಿತ್ತು. ಅಲ್ಲಿಂದ ಮುಂದೆ ಫ್ಯಾನಿನ ಟೈಮರ್ ಬಗ್ಗೆ ಡೀನ್ ಕೂಡ ಮಾತಾಡುತ್ತಾರೆ.

ಇನ್ನೊಂದು ಉಪಾಯ ಸುತ್ತುನಿಧಿ. ಉಳಿತಾಯದ ಕೆಲಸಕ್ಕೆ ನಿಧಿಯಿಂದ ಸಾಲ, ಬಿಲ್ಲಿನಲ್ಲಿ ಉಳಿದ ಹಣದಿಂದಲೇ ವಾಪಸ್ ಕಟ್ಟುವುದು, ಅದೇ ದುಡ್ಡು ಮುಂದಿನ ಕೆಲಸಕ್ಕೆ. ಹಾರ್ವರ್ಡ್ ಇಂಥದ್ದನ್ನು 2000ದ ದಶಕದ ಆರಂಭದಿಂದ ನಡೆಸಿಕೊಂಡು ಬಂದಿದೆ. ಯಂತ್ರ ಕೊಳ್ಳುವ ಬಜೆಟ್ಟೂ ಕರೆಂಟ್ ಬಿಲ್ಲಿನ ಬಜೆಟ್ಟೂ ಬೇರೆಬೇರೆ ಪುಸ್ತಕದಲ್ಲಿರುವ ಕಡೆ ಇದೊಂದೇ ಸೇತುವೆ.

ಕ್ಯಾಂಪಸ್ ಊಟದ ಕಥೆಯನ್ನೂ ಹೇಳಿಬಿಡುತ್ತೇನೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಯಾಂಟೀನುಗಳು 2016ರಲ್ಲಿ ದನದ ಮತ್ತು ಕುರಿಯ ಮಾಂಸವನ್ನು ಪಟ್ಟಿಯಿಂದ ತೆಗೆದವು. ಮೆಲುಕು ಹಾಕುವ ಪ್ರಾಣಿಗಳು ಮೀಥೇನ್ ಬಿಡುವುದರಿಂದ ಅವುಗಳ ಮಾಂಸದ ಲೆಕ್ಕ ಭಾರಿ. ಭಾಷಣ ಇಲ್ಲ, ಪ್ರತಿಜ್ಞೆ ಇಲ್ಲ. ಖರೀದಿ ಪಟ್ಟಿ ಬದಲಾಯಿತು, ಅಷ್ಟೇ. ಕೊಂಡ ಆಹಾರದ ಪ್ರತಿ ಕೆಜಿಗೆ ಹೊರಸೂಸುವಿಕೆ ಶೇ 33ರಷ್ಟು ಇಳಿಯಿತು ಅಂತ ಅವರೇ 2019ರಲ್ಲಿ ಹೇಳಿದರು. ಊಟ ಮಾರಾಟ ಜಾಸ್ತಿಯಾದ್ದರಿಂದ ಒಟ್ಟು ಇಳಿಕೆ ಶೇ 10.5 ಮಾತ್ರ. ಈ ಎರಡನೇ ಸಂಖ್ಯೆಯನ್ನೂ ಹೇಳಿದ್ದಕ್ಕೆ ಅವರನ್ನು ಮೆಚ್ಚಬೇಕು, ಬಹಳ ಕಡೆ ಮೊದಲನೆಯದನ್ನು ಹೇಳಿ ನಿಲ್ಲಿಸುತ್ತಾರೆ.

ಮಾಲೀಕ ಮತ್ತು ಬಾಡಿಗೆದಾರ

ಕಂಪನಿಗಳ ದೊಡ್ಡ ತೊಡಕು, ಕಟ್ಟಡ ಅವರದ್ದಲ್ಲ. ಮಾಲೀಕ ಒಳ್ಳೆಯ ಕಿಟಕಿ ಹಾಕಿಸಿದರೆ ಕರೆಂಟು ಉಳಿಯುವುದು ಬಾಡಿಗೆದಾರನಿಗೆ. ಹಾಗಾದರೆ ಮಾಲೀಕ ಯಾಕೆ ಹಾಕಿಸಬೇಕು? ಬಾಡಿಗೆದಾರ ಹಾಕಿಸೋಣ ಅಂದರೆ ಐದು ವರ್ಷದಲ್ಲಿ ಖಾಲಿ ಮಾಡಿ ಹೋಗುವವನು. ಇಬ್ಬರೂ ಬುದ್ಧಿವಂತರೇ, ಅದಕ್ಕೇ ಕಿಟಕಿ ಹಾಗೇ ಉಳಿಯುತ್ತದೆ.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಈ ಗಂಟನ್ನು ಬಿಚ್ಚಿದ ರೀತಿ ಚೆನ್ನಾಗಿದೆ. 1931ರ ಕಟ್ಟಡ. 2009ರಲ್ಲಿ ದುರಸ್ತಿ ಯೋಜನೆ ಶುರುವಾದಾಗ ಚಿಲ್ಲರುಗಳನ್ನು ಬದಲಿಸಿ ದೊಡ್ಡವನ್ನು ತರುವ ಮಾತಿತ್ತು. ಎಂಜಿನಿಯರುಗಳು ಮೊದಲು ಕಿಟಕಿ ನೋಡೋಣ ಅಂದರು. 6,514 ಕಿಟಕಿ. ಹೊಸದು ಕೊಳ್ಳಲಿಲ್ಲ. ಕಟ್ಟಡದ ಒಳಗೇ ಒಂದು ಕಾರ್ಯಾಗಾರ ತೆರೆದರು. ಹಳೆಯ ಗಾಜುಗಳನ್ನು ಬಿಚ್ಚಿ ತಂದು ತೊಳೆದು, ಎರಡು ಗಾಜಿನ ಮಧ್ಯೆ ತೆಳು ಪೊರೆ ಕೂರಿಸಿ, ಅನಿಲ ತುಂಬಿ, ಮತ್ತೆ ಅದೇ ಜಾಗಕ್ಕೆ ಜೋಡಿಸಿದರು. ರೇಡಿಯೇಟರುಗಳ ಹಿಂದೆ ಬಿಸಿಯನ್ನು ಒಳಕ್ಕೆ ತಿರುಗಿಸುವ ಹೊದಿಕೆ ಹಾಕಿದರು, ಇಲ್ಲದಿದ್ದರೆ ಅದು ಹೊರಗಿನ ಗೋಡೆಯನ್ನೇ ಕಾಯಿಸುತ್ತಿತ್ತು. ಇಷ್ಟಾದ ಮೇಲೆ ಕಟ್ಟಡಕ್ಕೆ ಬೇಕಾದ ತಂಪೇ ಕಡಿಮೆಯಾಯಿತು. ದೊಡ್ಡ ಚಿಲ್ಲರ್ ಬೇಕಾಗಲಿಲ್ಲ, ಇದ್ದದ್ದನ್ನೇ ರಿಪೇರಿ ಮಾಡಿದರೆ ಸಾಕಾಯಿತು. ಆ ಉಳಿದ ಹಣ ಕಿಟಕಿಯ ಖರ್ಚಿಗೆ ಹೆಗಲು ಕೊಟ್ಟಿತು. ಶೇ 38ರಷ್ಟು ಶಕ್ತಿ ಉಳಿಸುವ ಗುರಿ ಹಾಗೆ ಹುಟ್ಟಿದ್ದು. ಕೆಲಸದ ಸರದಿ ಮುಖ್ಯ. ಮೊದಲು ಬೇಡಿಕೆ ಇಳಿಸುವುದು, ಆಮೇಲೆ ಯಂತ್ರ, ಆಮೇಲೆ ಸೌರಫಲಕ. ಸೋರುವ ಕಟ್ಟಡದ ತಲೆ ಮೇಲೆ ಸೌರಫಲಕ ಹೊರಿಸುವುದು ಈಗಿನ ಫ್ಯಾಶನ್ನು, ಏಕೆಂದರೆ ಅದು ಫೋಟೊದಲ್ಲಿ ಚೆನ್ನಾಗಿ ಬರುತ್ತದೆ.

ಆದರೆ ಎಲ್ಲ ಮಾಲೀಕರೂ ತಾವಾಗಿ ಹೀಗೆ ಮಾಡುವುದಿಲ್ಲ. ಅದಕ್ಕೆ ಕೆಲವು ನಗರಗಳು ಕಾನೂನು ತಂದವು. ಟೋಕಿಯೊ 2010ರಲ್ಲೇ ಸಾವಿರಕ್ಕೂ ಹೆಚ್ಚು ದೊಡ್ಡ ಕಟ್ಟಡ, ಕಾರ್ಖಾನೆಗಳ ಹೊರಸೂಸುವಿಕೆಗೆ ಮಿತಿ ಹಾಕಿತು. ಕಚೇರಿಗಳು, ವಿಶ್ವವಿದ್ಯಾಲಯಗಳೂ ಅದರಲ್ಲಿವೆ. ಹೊಣೆ ಮಾಲೀಕನದ್ದು, ದೊಡ್ಡ ಬಾಡಿಗೆದಾರರು ಸಹಕರಿಸಲೇಬೇಕು. ಮೊದಲ ಐದು ವರ್ಷಕ್ಕೆ ಕೇಳಿದ್ದು ಶೇ 6ರಿಂದ 8ರ ಇಳಿಕೆ, ಆದದ್ದು ಸುಮಾರು ಶೇ 25. ಪೂರ್ತಿ ಶ್ರೇಯ ಕಾನೂನಿಗೇ ಕೊಡುವುದು ತಪ್ಪು. 2011ರ ಫುಕುಶಿಮಾ ದುರಂತದ ನಂತರ ಕರೆಂಟೇ ಸಾಲದೆ ಇಡೀ ನಗರ ಉಳಿತಾಯ ಮಾಡಬೇಕಾಯಿತು. ಆದರೂ ಅಳೆಯುವ ಅಭ್ಯಾಸ ಮುಂಚೆಯೇ ಇದ್ದದ್ದರಿಂದ ಎಲ್ಲಿ ಕಡಿಮೆ ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ನ್ಯೂಯಾರ್ಕ್ 2019ರಲ್ಲಿ ಮಾಡಿದ ಕಾನೂನು 25,000 ಚದರಡಿ ಮೀರಿದ ಹೆಚ್ಚಿನ ಕಟ್ಟಡಗಳಿಗೆ 2024ರಿಂದ ಮಿತಿ ಇಟ್ಟಿದೆ. ಮೀರಿದರೆ ಟನ್ನಿಗೆ 268 ಡಾಲರ್ ದಂಡ. ಕಿಟಕಿಯ ಬಗ್ಗೆ ಮಾಲೀಕನ ಲೆಕ್ಕಾಚಾರ ಅಲ್ಲಿಗೆ ಬದಲಾಯಿತು.

ಕಾರ್ಖಾನೆಯ ಒಳಗೆ, ಬಾಗಿಲ ಹೊರಗೆ

ಕಾರ್ಖಾನೆಗಳಲ್ಲಿ ಸುಲಭದ ಉಳಿತಾಯ ಮೋಟಾರುಗಳಲ್ಲಿದೆ. ಜಗತ್ತಿನ ಕರೆಂಟಿನಲ್ಲಿ ಶೇ 40ಕ್ಕಿಂತ ಜಾಸ್ತಿ ಮೋಟಾರು ಓಡಿಸುವುದಕ್ಕೇ ಹೋಗುತ್ತದೆ. ಫ್ಯಾನು, ಪಂಪುಗಳಿಗೆ ಒಂದು ವಿಚಿತ್ರ ಗುಣ ಇದೆ: ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇ 20ರಷ್ಟು ತಗ್ಗಿಸಿದರೆ 0.8ನ್ನು ಮೂರು ಸಲ ಗುಣಿಸಿ ನೋಡಿ, 0.51. ಹತ್ತಿರ ಹತ್ತಿರ ಅರ್ಧ ಕರೆಂಟು ಉಳಿಯಿತು. ಆದರೂ ಎಷ್ಟೋ ಕಡೆ ಫ್ಯಾನು ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ, ಮುಂದೆ ತಡೆಬಾಗಿಲು ಹಾಕಿ ಗಾಳಿ ಕಡಿಮೆ ಮಾಡಿರುತ್ತಾರೆ. ವೇಗ ಬದಲಿಸುವ ಡ್ರೈವ್ ಕೂರಿಸಿದರೆ ಸರಿಹೋಗುವ ವಿಷಯ. ಉಪಕರಣ ಓಡಿಸಲು ಬಳಸುವ ಒತ್ತಿದ ಗಾಳಿಯ (ಕಂಪ್ರೆಸ್ಡ್ ಏರ್) ಕಥೆ ಇನ್ನೂ ಬೇಸರದ್ದು. ಕಂಪ್ರೆಸರಿಗೆ ಕೊಟ್ಟ ಕರೆಂಟಿನಲ್ಲಿ ಕೆಲಸಕ್ಕೆ ಬರುವುದು ನೂರರಲ್ಲಿ ಹತ್ತು ಹದಿನೈದು ಪಾಲು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅದರ ಮೇಲೆ ಸರಿಯಾಗಿ ನೋಡಿಕೊಳ್ಳದ ಪೈಪುಗಳಲ್ಲಿ ಶೇ 20ರಿಂದ 30ರಷ್ಟು ಸೋರಿಕೆ ಮಾಮೂಲು. ರಜೆಯ ದಿನ ಯಂತ್ರಗಳೆಲ್ಲ ನಿಂತಾಗ ಒಳಗೆ ನಡೆದು ಕಿವಿಗೊಟ್ಟರೆ ಸುಯ್ ಅನ್ನೋ ಸದ್ದು ಎಲ್ಲಿ ಬರುತ್ತಿದೆ ಅಂತ ಕೇಳುತ್ತದೆ.

ಬಾಗಿಲ ಹೊರಗಿನ ಸ್ಕೋಪ್ 3 ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೈಕ್ರೋಸಾಫ್ಟ್ 2012ರಿಂದಲೇ ತನ್ನ ವಿಭಾಗಗಳಿಂದ ಒಳಗಿನ ಕಾರ್ಬನ್ ಶುಲ್ಕ ವಸೂಲಿ ಮಾಡುತ್ತಿದೆ. 2030ರ ಹೊತ್ತಿಗೆ ತಾನು ಬಿಡುವುದಕ್ಕಿಂತ ಜಾಸ್ತಿ ಕಾರ್ಬನ್ ಹೀರಿ ತೆಗೆಯುತ್ತೇನೆ ಅಂತ 2020ರಲ್ಲಿ ಮಾತು ಕೊಟ್ಟಿತು. 2024ರ ವರದಿಯಲ್ಲಿ ಆ ಕಂಪನಿಯೇ ಹೇಳಿದ್ದು: 2020ಕ್ಕೆ ಹೋಲಿಸಿದರೆ ಒಟ್ಟು ಹೊರಸೂಸುವಿಕೆ ಸುಮಾರು ಶೇ 29 ಏರಿದೆ. ಸ್ಕೋಪ್ 1, 2 ಸ್ವಲ್ಪ ಇಳಿದಿದ್ದವು. ಏರಿದ್ದು ಡೇಟಾ ಸೆಂಟರ್ ಕಟ್ಟಲು ಬೇಕಾದ ಕಾಂಕ್ರೀಟು, ಉಕ್ಕು, ಕಂಪ್ಯೂಟರ್ ಚಿಪ್‌ಗಳಿಂದ. ಸಿಮೆಂಟ್ ಒಂದೇ ಜಗತ್ತಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಹೊಣೆ ಹೊತ್ತಿದೆ. ಅದರಲ್ಲಿ ದೊಡ್ಡ ಪಾಲು ಇಂಧನದಿಂದಲ್ಲ, ಸುಣ್ಣದ ಕಲ್ಲು ಕಾಯಿಸಿದಾಗ ಕಲ್ಲಿನೊಳಗಿಂದಲೇ ಬರುವುದು. ಸೌರಫಲಕ ಹಾಕಿದರೆ ಅದು ನಿಲ್ಲುವುದಿಲ್ಲ. ಕೊಳ್ಳುವವರು ಟೆಂಡರಿನಲ್ಲೇ ಇಷ್ಟು ಕೆಜಿಗಿಂತ ಜಾಸ್ತಿ ಇರಬಾರದು ಅಂತ ಬರೆಯಬೇಕು, ಹಾರುಬೂದಿ, ಕಬ್ಬಿಣದ ಕುಲುಮೆಯ ಕಿಟ್ಟ (ಸ್ಲ್ಯಾಗ್) ಬೆರೆಸಿದ ಸಿಮೆಂಟ್ ಒಪ್ಪಿಕೊಳ್ಳಬೇಕು. ಅದಕ್ಕಿಂತ ಮುಂಚೆ, ಈ ಕಟ್ಟಡ ಕಟ್ಟಲೇಬೇಕಾ ಅಂತ ಒಮ್ಮೆ ಕೇಳಬೇಕು. ಆ ಪ್ರಶ್ನೆ ಯಾವ ವರದಿಯಲ್ಲೂ ನಾನು ನೋಡಿಲ್ಲ.

ಪಾಲುದಾರಿಕೆ ಇದ್ದ ಊರುಗಳು

ಊರು, ಬಡಾವಣೆಗಳ ಮಟ್ಟದಲ್ಲಿ ಎಲ್ಲರೂ ಹೇಳುವುದು ಅರಿವು ಮೂಡಿಸಿ ಅಂತ. ಅರಿವಿನ ಮಿತಿ ಎಷ್ಟು ಅಂತ ಅಳೆದಿದ್ದಾರೆ. ಅಮೆರಿಕದಲ್ಲಿ ಲಕ್ಷಾಂತರ ಮನೆಗಳಿಗೆ 'ನಿಮ್ಮ ನೆರೆಯವರಿಗಿಂತ ನೀವು ಇಷ್ಟು ಜಾಸ್ತಿ ಬಳಸಿದ್ದೀರಿ' ಅನ್ನೋ ಪತ್ರ ಕಳಿಸಿ ನೋಡಿದರು. ಸರಾಸರಿ ಶೇ 2ರಷ್ಟು ಇಳಿಯಿತು. ಅಗ್ಗದ ಕೆಲಸಕ್ಕೆ ಇದು ಕೆಟ್ಟ ಫಲವಲ್ಲ. ಆದರೆ ಅಷ್ಟೇ.

ಸ್ಕಾಟ್ಲೆಂಡಿನ ಐಗ್ ದ್ವೀಪದಲ್ಲಿ ನೂರರ ಆಸುಪಾಸು ಜನ. 1997ರಲ್ಲಿ ಜನರೇ ಸೇರಿ ದ್ವೀಪ ಕೊಂಡರು. ಹೊರಗಿನ ಗ್ರಿಡ್ ಇಲ್ಲ, ಮನೆಮನೆಗೂ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. 2008ರಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ತಮ್ಮದೇ ಗ್ರಿಡ್ ಮಾಡಿಕೊಂಡರು. ಅಲ್ಲಿನ ನಿಯಮ ಕೇಳಿ: ಮನೆಗೆ ಒಂದು ಹೊತ್ತಿನಲ್ಲಿ 5 ಕಿಲೊವ್ಯಾಟ್, ವ್ಯಾಪಾರಕ್ಕೆ 10. ಮೀರಿದರೆ ಕರೆಂಟು ಕಟ್. ಬಡವ, ಶ್ರೀಮಂತ ಅಂತಿಲ್ಲ, ಎಲ್ಲರಿಗೂ ಒಂದೇ. ಒಲೆ, ಗೀಸರ್, ವಾಷಿಂಗ್ ಮಷಿನ್ ಒಟ್ಟಿಗೆ ಹಾಕುವ ಹಾಗಿಲ್ಲ, ಒಂದಾದ ಮೇಲೆ ಒಂದು. ಗಾಳಿ ಜೋರಾಗಿ ಬೀಸಿ ಕರೆಂಟು ಮಿಕ್ಕಿದಾಗ ಅದನ್ನು ಸಮುದಾಯದ ಕಟ್ಟಡ ಬೆಚ್ಚಗಿಡಲು ಬಳಸುತ್ತಾರೆ. ಈ ಮಿತಿಯನ್ನು ಹೊರಗಿನ ಅಧಿಕಾರಿ ಹೇರಿದ್ದರೆ ಜಗಳವೇ ಆಗುತ್ತಿತ್ತು. ತಾವೇ ಕೂತು ಒಪ್ಪಿಕೊಂಡಿದ್ದರಿಂದ ನಡೆಯುತ್ತಿದೆ.

ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪದ್ದೂ ಅದೇ ಪಾಠ, ಸ್ವಲ್ಪ ದೊಡ್ಡದಾಗಿ. ಸುಮಾರು 4,000 ಜನ. 1997ರಲ್ಲಿ ಸರ್ಕಾರದ ಸ್ಪರ್ಧೆಯಲ್ಲಿ ಗೆದ್ದು ಹತ್ತು ವರ್ಷದಲ್ಲಿ ಪೂರ್ತಿ ನವೀಕರಿಸಬಹುದಾದ ಶಕ್ತಿಗೆ ಹೋಗುವ ಸವಾಲು ಹಿಡಿದರು. ನೆಲದ ಮೇಲೆ 11 ಗಾಳಿಯಂತ್ರ, ಸಮುದ್ರದಲ್ಲಿ 10. ಕೆಲವು ರೈತರ ಸ್ವಂತದ್ದು, ಕೆಲವಕ್ಕೆ ಊರವರು ಷೇರು ಹಾಕಿದ್ದರು, ಸಮುದ್ರದಲ್ಲಿರುವುದರಲ್ಲಿ ಐದು ಯಂತ್ರ ಪುರಸಭೆಯದ್ದು. ಗಾಳಿಯಂತ್ರದ ಸದ್ದು ಬೇರೆ ಊರುಗಳಲ್ಲಿ ತಲೆನೋವು. ತನ್ನ ಷೇರಿರುವ ಯಂತ್ರದ ಸದ್ದಿಗೆ ಯಾರೂ ಅರ್ಜಿ ಬರೆಯುವುದಿಲ್ಲ. ಮನೆ ಕಾಯಿಸಲು ಒಣಹುಲ್ಲು ಸುಟ್ಟು ಬಿಸಿನೀರನ್ನು ಪೈಪಿನಲ್ಲಿ ಊರಿಗೆಲ್ಲ ಹರಿಸಿದರು. ಕಾರು, ದೋಣಿಗಳ ಎಣ್ಣೆ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಸರಿಗಟ್ಟುವಷ್ಟು ಗಾಳಿ ಕರೆಂಟನ್ನು ಹೊರಗೆ ಕಳಿಸುತ್ತೇವೆ ಅನ್ನುವುದು ಅವರ ಲೆಕ್ಕ. ಲೆಕ್ಕ ಸರಿ, ಆದರೆ ಎಣ್ಣೆ ಉರಿದದ್ದೂ ನಿಜ.

ಕಸದಲ್ಲಿ ದಕ್ಷಿಣ ಕೊರಿಯಾ ಮುಂದಿದೆ. ಆಹಾರದ ಕಸ ಗುಂಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ. 20 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಕೆಟ್ಟದ್ದು. ಕೊರಿಯಾದಲ್ಲಿ 2005ರಿಂದ ಆಹಾರದ ಕಸವನ್ನು ಗುಂಡಿಗೆ ಹಾಕುವಂತಿಲ್ಲ. 2013ರಿಂದ ಹಾಕಿದಷ್ಟಕ್ಕೆ ದುಡ್ಡು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡು ತೋರಿಸಿದರೆ ಮಾತ್ರ ಡಬ್ಬದ ಬಾಯಿ ತೆರೆಯುತ್ತದೆ. ಸುರಿದದ್ದನ್ನು ತೂಕ ಮಾಡಿ ಮನೆಯ ಲೆಕ್ಕಕ್ಕೆ ಬರೆಯುತ್ತದೆ. ಶೇ 95ಕ್ಕಿಂತ ಜಾಸ್ತಿ ಗೊಬ್ಬರ, ಪಶು ಆಹಾರ, ಅನಿಲ ಆಗುತ್ತಿದೆ. ಮತ್ತೆ ಅದೇ ವಿಷಯ: ಸುರಿಯುವವರ ಹೆಸರಿಗೇ ಬಿಲ್ ಬಂತು.

ಬೇರೆಯವರ ಜೇಬು ನಂಬಿದರೆ ಏನಾಗುತ್ತದೆ ಅಂತ ಕೋಪನ್‌ಹೇಗನ್ ತೋರಿಸಿದೆ. 2025ಕ್ಕೆ ಕಾರ್ಬನ್ ಸಮತೋಲ ಸಾಧಿಸುವ ಮೊದಲ ರಾಜಧಾನಿ ಆಗುತ್ತೇವೆ ಅಂದಿತ್ತು. ಆ ಗುರಿಯ ಕೊನೆಯ ದೊಡ್ಡ ತುಂಡು, ಕಸ ಸುಡುವ ಸ್ಥಾವರದ ಹೊಗೆಯನ್ನು ಹಿಡಿದಿಡುವ ಯೋಜನೆ. ಅದಕ್ಕೆ ಸರ್ಕಾರದ ಹಣ ಸಿಗುವುದಿಲ್ಲ ಅಂತ 2022ರಲ್ಲಿ ಗೊತ್ತಾಯಿತು, ಗುರಿ ಕೈಬಿಟ್ಟರು. ಇಷ್ಟಾದರೂ ಆ ನಗರ ಅಷ್ಟರಲ್ಲಿ ಬಹಳಷ್ಟು ಇಳಿಸಿತ್ತು, ಅದನ್ನು ಮರೆಯಬಾರದು.

ಮತ್ತೆ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ತಾವು ಬಿಡುವ ಹೊಗೆ ಹಾಗೇ ಇರಲಿ, ಎಲ್ಲೋ ದೂರದಲ್ಲಿ ಕಾಡು ಕಡಿಯದಂತೆ ತಡೆದವರಿಂದ ಕ್ರೆಡಿಟ್, ಅಂದರೆ ಇಷ್ಟು ಟನ್ ತಪ್ಪಿಸಿದೆವು ಅನ್ನೋ ಪ್ರಮಾಣಪತ್ರ, ಕೊಂಡು ಲೆಕ್ಕ ಸರಿಮಾಡುವುದು. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಆರು ದೇಶಗಳ 26 ಇಂಥ ಯೋಜನೆಗಳನ್ನು ಪರೀಕ್ಷಿಸಿತು. ಹೆಚ್ಚಿನವು ಕಾಡು ಕಡಿಯುವುದನ್ನು ಹೇಳಿಕೊಳ್ಳುವಷ್ಟು ತಗ್ಗಿಸಿರಲಿಲ್ಲ. ಹಾಗಾಗಿ ಯಾರಾದರೂ ನೆಟ್ ಝೀರೋ ಅಂದರೆ ನಾನು ನೋಡುವುದು ಮೂರು ಸಾಲು: ಯಾವ ವರ್ಷದಿಂದ ಲೆಕ್ಕ, ಸ್ಕೋಪ್ 3 ಸೇರಿದೆಯಾ, ಕ್ರೆಡಿಟ್ ತೆಗೆದರೆ ಎಷ್ಟು ಇಳಿದಿದೆ. ಮೂರನೇ ಸಾಲು ಸಿಗದ ವರದಿಗಳೇ ಜಾಸ್ತಿ. ಯುರೋಪಿಯನ್ ಒಕ್ಕೂಟಕ್ಕೂ ಇದು ಸಾಕಾದ ಹಾಗಿದೆ. ಬರೀ ಕ್ರೆಡಿಟ್ ಕೊಂಡು ವಸ್ತುವಿನ ಮೇಲೆ 'ಕಾರ್ಬನ್ ನ್ಯೂಟ್ರಲ್' ಅಂತ ಅಚ್ಚು ಹಾಕಿ ಮಾರುವುದು 2026ರ ಸೆಪ್ಟೆಂಬರ್ 27ರಿಂದ ಅಲ್ಲಿ ನಡೆಯುವುದಿಲ್ಲ.